ಉಡುಗೊರೆಯಾಗಿ ಬಂದ ಜಿಂಕೆ ಮಾಂಸ: ಮಕ್ಕಳಿಗೆ ಮಾಡಿ ಬಡಿಸಬಹುದೇ?

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ನಗರದ ಹತ್ತಿರ ಇದ್ದೇವೆ. ಪಕ್ಕದ ಮನೆಯವರು ನವೆಂಬರ್ ತಿಂಗಳ ಬೇಟೆಯಲ್ಲಿ ಹೊಡೆದ ಜಿಂಕೆಯ ಮಾಂಸವನ್ನು ಪ್ರೀತಿಯಿಂದ ತಂದುಕೊಟ್ಟಿದ್ದಾರೆ. ಅದರಲ್ಲಿ ಬೆನ್ನಿನ ಭಾಗದ ಉದ್ದನೆಯ ತುಂಡುಗಳು, ಮುಂಗಾಲಿನ ಮಾಂಸ ಮತ್ತು ಕೆಲವು ಪೊಟ್ಟಣ ಕೈಮ ಇವೆ. ಕಳೆದ ವರ್ಷವೂ ಹೀಗೆಯೇ ಕೊಟ್ಟಿದ್ದರು. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ, ಮಟನ್ ಸಾರಿನಂತೆ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದೆ. ಅರ್ಧ ತುಂಡುಗಳು ರಬ್ಬರಿನಂತಾದವು, ಉಳಿದವು ಒಣ ಚಕ್ಕೆಯಂತಾದವು, ಜೊತೆಗೆ ಒಂದು ಬಗೆಯ ವಾಸನೆ. ಈಗ ಊರಿನಿಂದ ಅತ್ತೆ ಮಾವ ಬಂದಿದ್ದಾರೆ. ಅತ್ತೆಯವರು ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆಸಿ, ಅರಿಸಿನ ಹಾಕಿ ನಾಲ್ಕು ನೀರಿನಲ್ಲಿ ತೊಳೆದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಮಾವನವರಿಗೆ ಹೃದಯದ ತೊಂದರೆ ಇದೆ. ಜಿಂಕೆ ಮಾಂಸದಲ್ಲಿ ಕೊಲೆಸ್ಟರಾಲ್ ಇಲ್ಲವೆಂದು ಯಾರೋ ಹೇಳಿದ್ದಾರೆ. ನಾದಿನಿ ಐದು ತಿಂಗಳ ಗರ್ಭಿಣಿ. ನಮಗೆ ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಇಲ್ಲಿ ‘ಝೋಂಬಿ ಜಿಂಕೆ’ ಎಂಬ ರೋಗದ ಸುದ್ದಿ ಓದಿ ನನಗೆ ಹೆದರಿಕೆಯಾಗಿದೆ. ಇದನ್ನು ಮನೆಯವರಿಗೆ ಅಡುಗೆ ಮಾಡಿ ಹಾಕಬಹುದೇ? ಉಳಿದದ್ದನ್ನು ಒಣಗಿಸಿ ಮಾವನವರ ಕೈಯಲ್ಲಿ ಊರಿಗೆ ಕಳಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕಗಳು ಎರಡೇ. ಈ ಮಾಂಸ ಮನೆಮಂದಿಯ ಆರೋಗ್ಯಕ್ಕೆ ಕೆಡುಕು ಮಾಡೀತೇ ಎಂಬುದು ಒಂದು. ಮಾಡಿದ ಅಡುಗೆ ಬಾಯಿಗೆ ರುಚಿಸೀತೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ನಿಮ್ಮ ಒಲೆಯ ಮೇಲೆಯೇ ಇದೆ. ಮೊದಲನೆಯದಕ್ಕೆ ಉತ್ತರ ಪಕ್ಕದ ಮನೆಯವರ ಬಳಿ ಇದೆ, ಅದನ್ನು ಅಡುಗೆಗೆ ಮೊದಲೇ ಕೇಳಿ ಪಡೆಯಬೇಕು. ಮಾಂಸ ತಪಾಸಣೆಯ ವೃತ್ತಿಯಲ್ಲಿದ್ದವನಾಗಿ ನಾನು ಈ ವ್ಯತ್ಯಾಸಕ್ಕೆ ಬಹಳ ಮಹತ್ವ ಕೊಡುತ್ತೇನೆ. ಅಂಗಡಿಯಲ್ಲಿ ಕೊಂಡ ಮಾಂಸವನ್ನು ನಿಮಗಿಂತ ಮೊದಲು ಒಬ್ಬ ತಪಾಸಕ ನೋಡಿರುತ್ತಾನೆ. ಬೇಟೆಯ ಜಿಂಕೆಯ ಮಾಂಸವನ್ನು ಅಮೆರಿಕದಲ್ಲಿ ಮಾರುವಂತಿಲ್ಲ, ಉಡುಗೊರೆಯಾಗಿ ಕೊಡಬಹುದಷ್ಟೇ. ಹಾಗಾಗಿ ಅದು ಯಾವ ತಪಾಸಕನ ಕಣ್ಣಿಗೂ ಬೀಳದೆ ನೇರವಾಗಿ ನಿಮ್ಮ ಫ್ರೀಜರಿಗೆ ಬಂದಿರುತ್ತದೆ. ಆ ತಪಾಸಕನ ಕೆಲಸವನ್ನು ಈಗ ನೀವೇ, ಕೆಲವು ಪ್ರಶ್ನೆಗಳ ಮೂಲಕ ಮಾಡಬೇಕಾಗಿದೆ.

ಮೊದಲು ನಿಮ್ಮನ್ನು ಹೆದರಿಸಿರುವ ರೋಗದ ವಿಷಯ. ಪತ್ರಿಕೆಗಳು ‘ಝೋಂಬಿ ಜಿಂಕೆ’ ಎಂದು ಬರೆಯುವ ಈ ಕಾಯಿಲೆಯ ಸರಿಯಾದ ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಇದನ್ನು 1967ರಲ್ಲಿ ಕೊಲೊರಾಡೊ ರಾಜ್ಯದಲ್ಲಿ, ಸಂಶೋಧನೆಗಾಗಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಗುರುತಿಸಲಾಯಿತು. ನಿಮ್ಮ ವಿಸ್ಕಾನ್ಸಿನ್‌ನಲ್ಲಿ ಅದು ಪತ್ತೆಯಾದದ್ದು 2002ರಲ್ಲಿ, ಅದೂ ಮ್ಯಾಡಿಸನ್ ಇರುವ ಡೇನ್ ಕೌಂಟಿಯ ಮೌಂಟ್ ಹೋರೆಬ್ ಪಟ್ಟಣದ ಸುತ್ತಮುತ್ತ ಹೊಡೆದ ಜಿಂಕೆಗಳಲ್ಲಿ. ಇಂದಿಗೂ ರಾಜ್ಯದ ದಕ್ಷಿಣ ಭಾಗದ ಕೌಂಟಿಗಳಲ್ಲಿ ಸೋಂಕು ಹೆಚ್ಚು, ಹೆಣ್ಣು ಜಿಂಕೆಗಳಿಗಿಂತ ಬಲಿತ ಗಂಡು ಜಿಂಕೆಗಳಲ್ಲಿ ಇನ್ನೂ ಹೆಚ್ಚು. ಆದ್ದರಿಂದ ನಿಮ್ಮ ಆತಂಕ ಬರಿಯ ಸುದ್ದಿಯ ಗಾಬರಿಯಲ್ಲ, ನೀವಿರುವ ಜಾಗಕ್ಕೆ ಸಂಬಂಧಿಸಿದ್ದೇ ಆಗಿದೆ.

ಈ ರೋಗಕ್ಕೆ ಬ್ಯಾಕ್ಟೀರಿಯಾ ಅಥವಾ ವೈರಸ್ ಕಾರಣವಲ್ಲ. ಪ್ರಿಯಾನ್ ಎಂಬ, ತಪ್ಪಾಗಿ ಮಡಚಿಕೊಂಡ ಪ್ರೋಟೀನು ಕಾರಣ. ಬ್ರಿಟನ್ನಿನಲ್ಲಿ 1986ರಲ್ಲಿ ಕಂಡುಬಂದ ‘ಹುಚ್ಚು ಹಸು’ ರೋಗವೂ ಇದೇ ಗುಂಪಿನದು. ಆ ದನಗಳ ಮಾಂಸದ ಮೂಲಕ ಮನುಷ್ಯರಿಗೆ ರೋಗ ತಗುಲಿರಬೇಕೆಂದು 1996ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿಕೊಂಡ ಮೇಲೆ, ಪ್ರಿಯಾನ್ ಇರುವ ಯಾವ ಪ್ರಾಣಿಯ ಮಾಂಸದ ಬಗ್ಗೆಯೂ ವೈದ್ಯಲೋಕ ಎಚ್ಚರಿಕೆಯಿಂದ ಇದೆ. ಜಿಂಕೆಯ ಈ ರೋಗ ಮನುಷ್ಯರಿಗೆ ಅಂಟಿದ ಒಂದು ಖಚಿತ ಪ್ರಕರಣವೂ ಇದುವರೆಗೆ ದಾಖಲಾಗಿಲ್ಲ. ಹಾಗಿದ್ದೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ ತಿನ್ನುವುದು ಒಳ್ಳೆಯದು, ಸೋಂಕು ಕಂಡುಬಂದರೆ ತಿನ್ನಬಾರದು ಎಂದು ಹೇಳುತ್ತದೆ. ನನ್ನ ಅಭಿಪ್ರಾಯವೂ ಅದೇ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಬಿಡಿಸಿಡಬೇಕು. ಚೆನ್ನಾಗಿ ಬೇಯಿಸಿದರೆ ಯಾವ ರೋಗವೂ ಉಳಿಯುವುದಿಲ್ಲ ಎಂಬ ನಮ್ಮ ಅಡುಗೆಮನೆಯ ಧೈರ್ಯ ಈ ವಿಷಯದಲ್ಲಿ ನಡೆಯುವುದಿಲ್ಲ. ಕುದಿಯುವ ನೀರಾಗಲಿ, ಕುಕ್ಕರಿನ ಒತ್ತಡವಾಗಲಿ, ವರ್ಷಗಟ್ಟಲೆ ಫ್ರೀಜರಿನಲ್ಲಿಡುವುದಾಗಲಿ ಪ್ರಿಯಾನನ್ನು ನಂಬಿಕೆಗೆ ಅರ್ಹವಾಗಿ ನಾಶಮಾಡಲಾರವು. ಎರಡನೆಯದು, ‘ಜಿಂಕೆ ಗಟ್ಟಿಮುಟ್ಟಾಗಿತ್ತು, ಚೆನ್ನಾಗಿ ಓಡುತ್ತಿತ್ತು’ ಎಂಬ ಬೇಟೆಗಾರರ ಮಾತು. ಸೋಂಕು ತಗುಲಿದ ಜಿಂಕೆ ಸೊರಗಿ ಜೊಲ್ಲು ಸುರಿಸುವ ಹಂತಕ್ಕೆ ಬರಲು ಒಂದೂವರೆ ವರ್ಷವೋ ಅದಕ್ಕೂ ಹೆಚ್ಚೋ ಹಿಡಿಯಬಹುದು. ಅಲ್ಲಿಯವರೆಗೆ ಅದು ನೋಡಲು ಪೂರ್ತಿ ಆರೋಗ್ಯವಾಗಿಯೇ ಇರುತ್ತದೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆ: ಈ ಜಿಂಕೆಯನ್ನು ಪರೀಕ್ಷೆಗೆ ಕೊಟ್ಟಿದ್ದರೇ, ಫಲಿತಾಂಶ ಏನು ಬಂತು? ವಿಸ್ಕಾನ್ಸಿನ್‌ನ ನೈಸರ್ಗಿಕ ಸಂಪನ್ಮೂಲ ಇಲಾಖೆ ಈ ಪರೀಕ್ಷೆಯನ್ನು ಉಚಿತವಾಗಿ ಮಾಡಿಸುತ್ತದೆ. ಜಿಂಕೆಯ ತಲೆಯನ್ನು ಕೊಟ್ಟರೆ ಗಂಟಲಿನ ಬಳಿಯ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದು ನೋಡುತ್ತಾರೆ. ಬೇಟೆಗಾರರಿಗೆ ಇದು ಪರಿಚಿತ ವಿಷಯ, ಕೇಳಿದರೆ ಅವಮಾನವೆಂದು ತಿಳಿಯುವುದಿಲ್ಲ. ಫಲಿತಾಂಶ ಬರುವವರೆಗೆ ಪೊಟ್ಟಣಗಳನ್ನು ಗುರುತು ಮಾಡಿ ಫ್ರೀಜರಿನಲ್ಲಿ ಇಟ್ಟಿರಿ. ‘ಸೋಂಕು ಕಂಡುಬಂದಿಲ್ಲ’ ಎಂಬ ಫಲಿತಾಂಶ ನೂರಕ್ಕೆ ನೂರು ಭರವಸೆಯಲ್ಲ, ಏಕೆಂದರೆ ಸೋಂಕಿನ ಆರಂಭದ ದಿನಗಳಲ್ಲಿ ಅದು ಸಿಕ್ಕದಿರಬಹುದು. ಆದರೂ ಇಂದು ದೊರೆಯುವ ಭರವಸೆಗಳಲ್ಲಿ ಅದೇ ದೊಡ್ಡದು. ಪರೀಕ್ಷೆಯೇ ಆಗಿಲ್ಲವೆಂದಾದರೆ, ತಲೆಯನ್ನೂ ಬಿಸಾಡಿಬಿಟ್ಟಿದ್ದರೆ, ಪೊಟ್ಟಣದ ಮಾಂಸವನ್ನು ಪರೀಕ್ಷಿಸುವ ದಾರಿ ಗೃಹಸ್ಥರಿಗಿಲ್ಲ. ಅಂಥ ಮಾಂಸವನ್ನು ನಾನಾಗಿದ್ದರೆ ಮಕ್ಕಳಿಗೆ ಬಡಿಸುವುದಿಲ್ಲ. ಬಿಸಾಡುವುದಾದರೆ ಹಿತ್ತಲಲ್ಲಿ ಹೂಳಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಪ್ರಿಯಾನ್ ಮಣ್ಣಿನಲ್ಲಿ ವರ್ಷಗಳ ಕಾಲ ಉಳಿಯುತ್ತದೆ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ.

ನಮ್ಮವರಿಗೆ ತಲೆಮಾಂಸ, ಮಿದುಳಿನ ಹುರುಕಲು, ಕಾಲು ಸೂಪು ಇವುಗಳ ಮೇಲೆ ಪ್ರೀತಿ ಹೆಚ್ಚಾದ್ದರಿಂದ ಇನ್ನೊಂದು ಮಾತು ಸೇರಿಸಬೇಕು. ಪ್ರಿಯಾನ್ ಹೆಚ್ಚಾಗಿ ಸೇರಿಕೊಳ್ಳುವುದು ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ (ಸ್ಪ್ಲೀನ್) ಮತ್ತು ದುಗ್ಧಗ್ರಂಥಿಗಳಲ್ಲಿ. ಪರೀಕ್ಷೆಯಲ್ಲಿ ಪಾಸಾದ ಜಿಂಕೆಯದ್ದಾದರೂ ಇವನ್ನು ಅಡುಗೆಗೆ ತರಬೇಡಿ. ಬೆನ್ನುಮೂಳೆ ಹಾಕಿ ಸಾರು ಕಾಯಿಸಬೇಡಿ. ಮೂಳೆ ಬಿಡಿಸಿದ ಮಾಂಸವನ್ನಷ್ಟೇ ಬಳಸಿ.

ಎರಡನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ನನ್ನ ತಿಳಿವಳಿಕೆಯಲ್ಲಿ, ನಿಮ್ಮ ಮನೆಯ ಪರಿಸ್ಥಿತಿಗೆ, ಝೋಂಬಿ ಜಿಂಕೆಯ ಸುದ್ದಿಗಿಂತ ಇದೇ ಹತ್ತಿರದ ಅಪಾಯ. ಜಿಂಕೆಯನ್ನು ಯಾವ ಗುಂಡಿನಿಂದ ಹೊಡೆದರು? ಸಾಮಾನ್ಯವಾದ ರೈಫಲ್ ಗುಂಡಿನ ಒಳಭಾಗ ಸೀಸದ್ದು. ಅದು ಪ್ರಾಣಿಯ ಮೈ ಹೊಕ್ಕಾಗ ಅರಳಿ ಒಡೆಯುತ್ತದೆ, ಅದರ ಚೂರುಗಳು ಗಾಯದಿಂದ ಒಂದು ಅಡಿಗೂ ಹೆಚ್ಚು ದೂರ ಚದುರಬಲ್ಲವು. ಅವುಗಳಲ್ಲಿ ಎಷ್ಟೋ ಚೂರುಗಳು ಹಲ್ಲಿಗೆ ಸಿಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. 2008ರಲ್ಲಿ ನಾರ್ತ್ ಡಕೋಟ ರಾಜ್ಯದಲ್ಲಿ, ಬಡವರಿಗೆ ಹಂಚಲು ಬೇಟೆಗಾರರು ದಾನ ಮಾಡಿದ್ದ ಕೈಮದಲ್ಲಿ ಇಂಥ ಚೂರುಗಳು ಕಂಡು, ಅದನ್ನೆಲ್ಲ ಹಂಚದೆ ಎಸೆಯುವಂತೆ ಆರೋಗ್ಯ ಇಲಾಖೆ ಹೇಳಿತು. ಆ ಬಳಿಕ ನಡೆದ ರಕ್ತಪರೀಕ್ಷೆಯಲ್ಲಿ, ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ತಿನ್ನದವರಿಗಿಂತ ಸೀಸದ ಪ್ರಮಾಣ ಸ್ವಲ್ಪ ಹೆಚ್ಚಿರುವುದು ತಿಳಿಯಿತು. ಸೀಸದ ಗುಂಡಿನಿಂದ ಹೊಡೆದ ಜಿಂಕೆಯ ಮಾಂಸವನ್ನು ಗರ್ಭಿಣಿಯರು ಮತ್ತು ಆರು ವರ್ಷದೊಳಗಿನ ಮಕ್ಕಳು ತಿನ್ನದಿರುವುದು ಒಳ್ಳೆಯದು ಎಂದು ಆ ರಾಜ್ಯ ಸಲಹೆ ಕೊಟ್ಟಿತು. ನಿಮ್ಮ ನಾದಿನಿ ಮತ್ತು ಕಿರಿಯ ಮಗು ಎರಡೂ ಈ ಮಾತಿನೊಳಗೆ ಬರುತ್ತಾರೆ. ಬೆಳೆಯುತ್ತಿರುವ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವಂಥ ಮಟ್ಟವೇ ಇಲ್ಲ.

ನಮ್ಮ ಅಡುಗೆಯ ಒಂದು ಗುಣ ಇಲ್ಲಿ ನಮಗೆ ಎದುರಾಗಿ ನಿಲ್ಲುತ್ತದೆ. ಹುಳಿ ತಾಗಿದಾಗ ಸೀಸ ಹೆಚ್ಚು ಕರಗುತ್ತದೆ, ಕರಗಿದ ಸೀಸವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಅಮೆರಿಕದಲ್ಲಿ ವಿನಿಗರ್ ಮತ್ತು ವೈನ್ ಬಗ್ಗೆ ಹೇಳುವ ಈ ಎಚ್ಚರಿಕೆ ಹುಣಸೆಹಣ್ಣು, ಟೊಮ್ಯಾಟೊ, ನಿಂಬೆ, ಮಜ್ಜಿಗೆ, ಕೊಡಗಿನ ಕಾಚಂಪುಳಿ ಎಲ್ಲಕ್ಕೂ ಅನ್ವಯಿಸುತ್ತದೆ. ಸೀಸದ ಅನುಮಾನವಿರುವ ಮಾಂಸವನ್ನು ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆಸುವುದು ಅದೇ ಕಾರಣಕ್ಕೆ ಸರಿಯಲ್ಲ. ಹುಳಿ ಬಿಟ್ಟರೆ ಆ ಮಾಂಸ ನಿರಪಾಯವಾಗುತ್ತದೆ ಎಂದೂ ತಿಳಿಯಬೇಡಿ, ನಮ್ಮ ಜಠರದಲ್ಲೇ ಆಮ್ಲ ಇದೆ.

ಬಾಣದಿಂದ ಅಥವಾ ಪೂರ್ತಿ ತಾಮ್ರದ ಗುಂಡಿನಿಂದ ಹೊಡೆದಿದ್ದರೆ ಈ ಚಿಂತೆ ಇಲ್ಲ, ತಾಮ್ರ ಒಡೆಯುವುದು ಬಹಳ ಕಡಿಮೆ. ಸೀಸದ ಗುಂಡಾಗಿದ್ದರೆ, ಎಲ್ಲಿ ತಾಗಿತು ಎಂದು ಕೇಳಿ. ಎದೆಯ ಹಿಂಭಾಗಕ್ಕೆ ತಾಗಿದ್ದರೆ ತೊಡೆಯ ಮಾಂಸ ಮತ್ತು ಬೆನ್ನಿನ ಹಿಂತುದಿಯ ಭಾಗ ಹೆಚ್ಚು ಸುರಕ್ಷಿತ. ಮುಂಗಾಲಿನ ಮಾಂಸ ಮತ್ತು ಕೈಮ ಹೆಚ್ಚು ಅನುಮಾನದವು. ಕೈಮಕ್ಕೆ ಸಾಮಾನ್ಯವಾಗಿ ಗಾಯದ ಸುತ್ತಲಿನ ಚೂರುಪಾರು ಮಾಂಸವೇ ಹೋಗುತ್ತದೆ, ಯಂತ್ರವು ಒಂದು ಚೂರು ಸೀಸವನ್ನು ಇಡೀ ರಾಶಿಗೆ ಹರಡುತ್ತದೆ. ಮಾಂಸ ಕಡಿಯುವ ಅಂಗಡಿಯಲ್ಲಿ ಮಾಡಿಸಿದ್ದರೆ, ಹಲವರ ಜಿಂಕೆಗಳನ್ನು ಒಟ್ಟಿಗೆ ಅರೆದರೇ ಅಥವಾ ಇದೊಂದನ್ನೇ ಅರೆದರೇ ಎಂಬುದನ್ನೂ ಕೇಳಿಕೊಳ್ಳಿ. ಒಟ್ಟಿಗೆ ಅರೆದಿದ್ದರೆ ನಿಮ್ಮ ನೆರೆಯವರ ಜಿಂಕೆಯ ರೋಗಪರೀಕ್ಷೆಯ ಫಲಿತಾಂಶಕ್ಕೂ ಆ ಕೈಮಕ್ಕೂ ಸಂಬಂಧ ತಪ್ಪಿಹೋಗುತ್ತದೆ.

ಇನ್ನು ವಾಸನೆ. ಜಿಂಕೆ ಮಾಂಸದ ಕಡುಗೆಂಪು, ಸ್ವಲ್ಪ ನೇರಳೆ ಮಿಶ್ರಿತ ಬಣ್ಣ ಹಳತಾದದ್ದರ ಗುರುತಲ್ಲ. ಓಡುವ ಪ್ರಾಣಿಯ ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚಿರುವುದರಿಂದ ಆ ಬಣ್ಣ. ಪೊಟ್ಟಣದಿಂದ ಜಿನುಗುವ ಕೆಂಪು ನೀರೂ ಬಹುಪಾಲು ಅದೇ, ರಕ್ತವಲ್ಲ. ಕಬ್ಬಿಣದಂಥ ತೆಳುವಾದ ವಾಸನೆ ಸಹಜ. ಹುಳಿತ ವಾಸನೆ, ಬೆರಳಿಗೆ ಅಂಟುವ ಲೋಳೆ, ಹಸಿರು ಛಾಯೆ ಇದ್ದರೆ ಮಾತ್ರ ಕೆಟ್ಟಿದೆ ಎಂದರ್ಥ, ಅದನ್ನು ಎಸೆಯಬೇಕು. ನಿಮಗೆ ಕಳೆದ ವರ್ಷ ಬಂದ ವಾಸನೆಯ ಮೂಲ ಬಹುಶಃ ಕೊಬ್ಬು. ಕುರಿಯ ಕೊಬ್ಬು ಸಾರಿಗೆ ರುಚಿ ಕೊಡುತ್ತದೆ. ಜಿಂಕೆಯ ಕೊಬ್ಬು ಬೇಗ ಹೆಪ್ಪುಗಟ್ಟುವಂಥದು, ತಣ್ಣಗಾದೊಡನೆ ಮೇಣದಂತೆ ಅಂಗುಳಕ್ಕೆ ಹತ್ತಿಕೊಳ್ಳುತ್ತದೆ, ಫ್ರೀಜರಿನಲ್ಲಿ ಕಮಟು ವಾಸನೆಯನ್ನೂ ಹಿಡಿಯುತ್ತದೆ. ಅದನ್ನೂ, ಸ್ನಾಯುವಿನ ಮೇಲೆ ಬೆಳ್ಳಿಯ ಬಣ್ಣದಲ್ಲಿ ಹೊಳೆಯುವ ಪೊರೆಯನ್ನೂ ಪೂರ್ತಿ ತೆಗೆಯಿರಿ. ಮಾಂಸ ಅರ್ಧ ಕರಗಿ ಇನ್ನೂ ಬಿರುಸಾಗಿರುವಾಗಲೇ ಈ ಕೆಲಸ ಸುಲಭ. ಚೂಪಾದ ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ, ಅಲಗನ್ನು ಸ್ವಲ್ಪ ಮೇಲ್ಮುಖವಾಗಿ ಹಿಡಿದು, ಇನ್ನೊಂದು ಕೈಯಿಂದ ಪೊರೆಯನ್ನು ಬಿಗಿಯಾಗಿ ಎಳೆಯುತ್ತ ಸಾಗಿದರೆ ಅದು ಉದ್ದನೆಯ ಪಟ್ಟಿಯಾಗಿ ಎದ್ದುಬರುತ್ತದೆ. ಬೆನ್ನಿನ ತುಂಡಿನಲ್ಲಿ ಈ ಪೊರೆ ಒಂದು ಬದಿಯಲ್ಲಿ ಉದ್ದಕ್ಕೂ ಇರುತ್ತದೆ, ಎಷ್ಟು ಬೇಯಿಸಿದರೂ ಕರಗುವುದಿಲ್ಲ.

ಅತ್ತೆಯವರ ಮಜ್ಜಿಗೆಯ ಉಪಾಯದಲ್ಲಿ ಸತ್ಯಾಂಶ ಇದೆ. ಮಜ್ಜಿಗೆಯ ಹುಳಿಯು ಮಾಂಸದ ವಾಸನೆಯನ್ನು ತಗ್ಗಿಸುತ್ತದೆ, ಮೇಲ್ಪದರವನ್ನು ಸ್ವಲ್ಪ ಮೆದುಗೊಳಿಸುತ್ತದೆ. ಆದರೆ ಕೆಲವು ಮಿಲಿಮೀಟರಿಗಿಂತ ಒಳಕ್ಕೆ ಇಳಿಯುವುದಿಲ್ಲ. ಸೀಸದ ಅನುಮಾನ ಇಲ್ಲವೆಂದಾದರೆ ಧಾರಾಳವಾಗಿ ನೆನೆಸಿಡಿ, ಫ್ರಿಜ್ಜಿನೊಳಗೆ ಮಾತ್ರ. ನಾಲ್ಕು ನೀರಿನಲ್ಲಿ ತೊಳೆಯುವುದನ್ನು ಬಿಡಿ ಎಂದು ಅವರಿಗೆ ನನ್ನ ವಿನಂತಿ. ಊರಿನ ಸಂತೆಯಲ್ಲಿ ಮರದ ದಿಮ್ಮಿಯ ಮೇಲೆ ಕಡಿದ ಮಾಂಸಕ್ಕೆ ಮೂಳೆಯ ಪುಡಿ ಹತ್ತಿರುವುದರಿಂದ ಆ ಅಭ್ಯಾಸಕ್ಕೆ ಅರ್ಥವಿತ್ತು. ಇಲ್ಲಿ ತೊಳೆದ ನೀರು ಸಿಂಕಿನ ಸುತ್ತ ಚಿಮ್ಮಿ, ಪಕ್ಕದಲ್ಲಿರುವ ಸೊಪ್ಪಿಗೆ, ಪಾತ್ರೆಗೆ ಬ್ಯಾಕ್ಟೀರಿಯಾ ಹರಡುತ್ತದೆ. ಕೂದಲು ಅಂಟಿದ್ದರೆ ಒದ್ದೆ ಪೇಪರ್ ಟವೆಲಿನಿಂದ ಒರೆಸಿ ತೆಗೆದರೆ ಸಾಕು.

ಈಗ ರಬ್ಬರ್ ಮತ್ತು ಚಕ್ಕೆಯ ವಿಷಯ. ಎರಡೂ ಒಂದೇ ಪಾತ್ರೆಯಲ್ಲಿ ಆದದ್ದಾದರೂ ಕಾರಣಗಳು ತದ್ವಿರುದ್ಧ. ಮುಂಗಾಲು, ಕತ್ತು, ಕಾಲಿನ ಮಾಂಸದಲ್ಲಿ ಕೊಲಾಜನ್ ಎಂಬ ನಾರು ತುಂಬಾ ಇರುತ್ತದೆ. ಅದು ನಿಧಾನವಾಗಿ, ಹೊತ್ತು ಹಿಡಿದು ಬೆಂದಾಗ ಕರಗಿ ಜಿಲೆಟಿನ್ ಆಗುತ್ತದೆ. ಆ ತುಂಡುಗಳು ರಬ್ಬರಿನಂತಿದ್ದದ್ದು ಸಾಕಷ್ಟು ಬೇಯದ ಕಾರಣ. ಬೆನ್ನಿನ ಮಾಂಸದಲ್ಲಿ ಕೊಲಾಜನ್ ಕಡಿಮೆ, ಕೊಬ್ಬಂತೂ ಇಲ್ಲವೇ ಇಲ್ಲ ಎನ್ನಬಹುದು; ಅದು ಚಕ್ಕೆಯಾದದ್ದು ಅತಿಯಾಗಿ ಬೆಂದ ಕಾರಣ. ಕುರಿ ಮೇಕೆಯಲ್ಲಿ ಕೊಬ್ಬು ಈ ಎರಡು ಬಗೆಯ ತುಂಡುಗಳ ನಡುವಿನ ಅಂತರವನ್ನು ಮುಚ್ಚಿಹಾಕುತ್ತದೆ. ಜಿಂಕೆಯಲ್ಲಿ ಆ ಸೌಲಭ್ಯವಿಲ್ಲ.

ಮುಂಗಾಲಿನ ಮಾಂಸವನ್ನು ಎರಡು ಬೆರಳಗಲದ ತುಂಡು ಮಾಡಿ, ಎಣ್ಣೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯೊಂದಿಗೆ ನೀರು ಇಂಗುವವರೆಗೆ ಹುರಿದು, ಕೊತ್ತಂಬರಿ ಬೀಜ, ಮೆಣಸು, ಚಕ್ಕೆ, ಲವಂಗದ ಮಸಾಲೆ ಹಾಕಿ ಕುಕ್ಕರಿಗೆ ಹಾಕಿ. ಕೂಗಿನ ಲೆಕ್ಕವನ್ನು ಇಲ್ಲಿ ಬಿಡಿ, ಉರಿಗೆ ತಕ್ಕಂತೆ ಅದು ಬದಲಾಗುತ್ತದೆ. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿ 30ರಿಂದ 35 ನಿಮಿಷ ಇಟ್ಟು, ಒತ್ತಡ ತಾನಾಗಿ ಇಳಿಯಲು ಬಿಡಿ. ಮುಚ್ಚಳ ತೆಗೆದಾಗ ತುಂಡು ಬೆರಳಿಗೆ ಇನ್ನೂ ಪುಟಿಯುವಂತಿದ್ದರೆ ಇನ್ನು ಹತ್ತು ನಿಮಿಷ ಇಡಿ. ಆ ಹಂತದಲ್ಲಿ ‘ಬೆಂದು ಗಟ್ಟಿಯಾಯಿತು’ ಎಂದು ಕೈಬಿಡುವವರೇ ಹೆಚ್ಚು. ರುಬ್ಬಿದ ತೆಂಗಿನಕಾಯಿಯನ್ನು ಕೊನೆಗೆ ಸೇರಿಸಿ ಒಂದು ಕುದಿ ಬರಿಸಿ. ಮಾಂಸದಲ್ಲಿಲ್ಲದ ಕೊಬ್ಬನ್ನು ತೆಂಗು ತುಂಬಿಕೊಡುತ್ತದೆ.

ಬೆನ್ನಿನ ತುಂಡನ್ನು ಕುಕ್ಕರಿಗೆ ಹಾಕಲೇಬೇಡಿ. ನಾರಿಗೆ ಅಡ್ಡವಾಗಿ, ಅರ್ಧ ಬೆರಳಿನಷ್ಟು ತೆಳುವಾಗಿ ಕತ್ತರಿಸಿ, ದಪ್ಪ ತಳದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದಾಗ ಸ್ವಲ್ಪ ಸ್ವಲ್ಪವೇ ಹಾಕಿ, ಮೆಣಸು, ಕರಿಬೇವು, ಉಪ್ಪಿನೊಂದಿಗೆ ಕೆಲವೇ ನಿಮಿಷ ಹುರಿಯಿರಿ. ಒಮ್ಮೆಗೇ ಎಲ್ಲವನ್ನೂ ಸುರಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಇಡಿಯ ತುಂಡಿಗೆ ಒಳಗಿನ ಉಷ್ಣತೆ 63 ಡಿಗ್ರಿ ಸೆಲ್ಸಿಯಸ್ ತಲುಪಿ ಮೂರು ನಿಮಿಷ ಬಿಟ್ಟರೆ ಸಾಕೆಂಬ ಲೆಕ್ಕ ಇದೆ. ಒಳಗೆ ಕೆಂಪಾಗಿ ಉಳಿಸುವ ಅಮೆರಿಕದ ರೂಢಿ ನಿಮ್ಮ ಮನೆಗೆ ಬೇಡ. ಮಕ್ಕಳು, ಹಿರಿಯರು ಇರುವಲ್ಲಿ 71 ಡಿಗ್ರಿಯವರೆಗೆ ಹೋಗಿ. ಜಿಂಕೆಗಳಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಅಪರೂಪವಲ್ಲ, 2017ರಲ್ಲಿ ವಿಸ್ಕಾನ್ಸಿನ್‌ನಲ್ಲೇ ಅರೆಬೆಂದ ಜಿಂಕೆ ಮಾಂಸ ತಿಂದವರ ಒಂದು ಕೂಟದಲ್ಲಿ ಅದು ಹಲವರಿಗೆ ಕಾಯಿಲೆ ತಂದಿತ್ತು. ಗರ್ಭದಲ್ಲಿರುವ ಮಗುವಿಗೆ ಅದು ದೊಡ್ಡ ಅಪಾಯ. ತೆಳುವಾಗಿ ಕತ್ತರಿಸಿದ್ದರೆ 71 ಡಿಗ್ರಿಯಲ್ಲೂ ಬಾಯಿಗೆ ಹಿತವಾಗಿರುತ್ತದೆ. ಮಾಂಸದ ಥರ್ಮಾಮೀಟರ್ ಒಂದನ್ನು ಕೊಳ್ಳಿ, ಬಣ್ಣ ನೋಡಿ ಹೇಳುವುದು ಜಿಂಕೆಯಲ್ಲಿ ನಂಬಲಾಗದು.

ಕೈಮದ ಬಗ್ಗೆ ಮೇಲಿನ ಎರಡು ಪ್ರಶ್ನೆಗಳಿಗೂ ಒಳ್ಳೆಯ ಉತ್ತರ ಬಂದರೆ, ಕೈಮ ಉಂಡೆ ಸಾರಿಗಿಂತ ಒಳ್ಳೆಯ ಉಪಯೋಗ ನನಗೆ ತೋಚದು. ಹುರಿಗಡಲೆ ಪುಡಿ ಉಂಡೆಯನ್ನು ಹಿಡಿದಿಡುತ್ತದೆ, ತೆಂಗಿನ ತುರಿ ಮತ್ತು ಈರುಳ್ಳಿ ತೇವ ಕೊಡುತ್ತವೆ. ಅರೆದ ಮಾಂಸದಲ್ಲಿ ಹೊರಗಿನ ಬ್ಯಾಕ್ಟೀರಿಯಾ ಒಳಗೆಲ್ಲ ಬೆರೆತಿರುವುದರಿಂದ ಉಂಡೆಯ ನಡುಭಾಗ 71 ಡಿಗ್ರಿ ತಲುಪಲೇಬೇಕು. ನಿಂಬೆಗಿಂತ ದೊಡ್ಡ ಉಂಡೆ ಮಾಡಬೇಡಿ. ಫ್ರೀಜರಿನಲ್ಲಿ ಕೈಮವನ್ನು ಮೂರು ನಾಲ್ಕು ತಿಂಗಳೊಳಗೆ, ಇಡಿ ತುಂಡುಗಳನ್ನು ಒಂದು ವರ್ಷದೊಳಗೆ ಮುಗಿಸಿ. ಕರಗಿಸುವುದು ಫ್ರಿಜ್ಜಿನಲ್ಲಿ, ಅಡುಗೆಕಟ್ಟೆಯ ಮೇಲಲ್ಲ.

ಮಾವನವರಿಗೆ ಹೇಳಿದ ಮಾತು ಅರ್ಧ ನಿಜ. 100 ಗ್ರಾಂ ಹಸಿ ಜಿಂಕೆ ಮಾಂಸದಲ್ಲಿ ಕೊಬ್ಬು ಎರಡೂವರೆ ಗ್ರಾಂನಷ್ಟೇ, ಪ್ರೋಟೀನು ಸುಮಾರು 23 ಗ್ರಾಂ, ಕಬ್ಬಿಣವೂ ಚೆನ್ನಾಗಿದೆ. ಆದರೆ ಕೊಲೆಸ್ಟರಾಲ್ ಸುಮಾರು 85 ಮಿಲಿಗ್ರಾಂ ಇದೆ, ಮೇಕೆ ಮಾಂಸಕ್ಕಿಂತ ಹೆಚ್ಚೇ. ಸಂತೃಪ್ತ ಕೊಬ್ಬು ಕಡಿಮೆಯಾದ್ದರಿಂದ ಹೃದಯಕ್ಕೆ ಇದು ಕೊಬ್ಬಿನ ಮಟನ್ನಿಗಿಂತ ವಾಸಿ, ಆದರೆ ಮಾಂಸ ಒಣಗಬಾರದೆಂದು ನಾವು ಸುರಿಯುವ ತುಪ್ಪ, ತೆಂಗನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವರ ಪಾಲಿನದನ್ನು ಕಡಿಮೆ ಎಣ್ಣೆಯಲ್ಲಿ ಬೇರೆಯಾಗಿ ತೆಗೆದಿಡಿ.

ನಿಮ್ಮ ನಾದಿನಿಯ ವಿಷಯದಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ. ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದು, ಸೀಸದ ಗುಂಡಲ್ಲವೆಂದು ಖಚಿತವಾಗಿದ್ದರೆ ಪೂರ್ತಿ ಬೆಂದ ಸಾರನ್ನು ಅವರು ತಿನ್ನಬಹುದು. ಎರಡರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಅವರಿಗೂ ಚಿಕ್ಕ ಮಗುವಿಗೂ ಬಡಿಸಬೇಡಿ. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕೆಂಬ ಆಸೆ ಇದ್ದರೆ, ಅಮೆರಿಕದ ಕೆಲವು ಅಂಗಡಿಗಳಲ್ಲಿ ನ್ಯೂಜಿಲೆಂಡಿನ ಸಾಕಣೆಯ ಜಿಂಕೆ ಮಾಂಸ ಸಿಗುತ್ತದೆ. ಬೆಲೆ ಹೆಚ್ಚು; ಆದರೆ ಆ ದೇಶದಲ್ಲಿ ಈ ಪ್ರಿಯಾನ್ ರೋಗವಿಲ್ಲ, ಪ್ರಾಣಿಗಳನ್ನು ಕಸಾಯಿಖಾನೆಯಲ್ಲಿ ತಪಾಸಣೆಯೊಂದಿಗೆ ಕೊಯ್ಯುತ್ತಾರೆ, ಎಳೆ ವಯಸ್ಸಿನವಾದ್ದರಿಂದ ಮಾಂಸವೂ ಮೆದು.

ಕೊನೆಯದಾಗಿ, ಒಣಗಿಸುವ ಯೋಚನೆ. ಊರಿನಲ್ಲಿ ಒಲೆಯ ಮೇಲೆ ಕಟ್ಟಿ ಹೊಗೆಗೆ ಒಣಗಿಸಿದ ಮಾಂಸದ ನೆನಪು ಅತ್ತೆಯವರಿಗಿರಬಹುದು. ಮನೆಯ ಡೀಹೈಡ್ರೇಟರಿನ ಬಿಸಿಯಲ್ಲಿ ಮಾಂಸ ಒಣಗುತ್ತದೆ, ಆದರೆ ಬ್ಯಾಕ್ಟೀರಿಯಾ ಸಾಯುವ ಮೊದಲೇ ಒಣಗಿಬಿಡುತ್ತದೆ; ಒಣ ಸ್ಥಿತಿಯಲ್ಲಿ ಅವು ಬಿಸಿಯನ್ನು ಇನ್ನೂ ಚೆನ್ನಾಗಿ ತಾಳಿಕೊಳ್ಳುತ್ತವೆ. 1995ರಲ್ಲಿ ಒರೆಗಾನ್ ರಾಜ್ಯದಲ್ಲಿ ಮನೆಯಲ್ಲಿ ಒಣಗಿಸಿದ ಜಿಂಕೆ ಮಾಂಸದಿಂದಲೇ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಹಬ್ಬಿತ್ತು. ಒಣಗಿಸುವುದಿದ್ದರೆ ಮೊದಲು 71 ಡಿಗ್ರಿಯವರೆಗೆ ಬೇಯಿಸಿ, ಆಮೇಲೆ ಒಣಗಿಸಿ, ಅಲ್ಲಿಯೇ ತಿಂದು ಮುಗಿಸಿ. ಮಾವನವರ ಪೆಟ್ಟಿಗೆಯಲ್ಲಿ ಊರಿಗೆ ಕಳಿಸಬೇಡಿ. ಭಾರತಕ್ಕೆ ಮಾಂಸ ತರಲು ಆಮದು ಪರವಾನಗಿ ಬೇಕು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಚುಕ್ಕೆ ಜಿಂಕೆ, ಕಡವೆಗಳನ್ನು ಬೇಟೆಯಾಡುವುದೂ, ಅವುಗಳ ಮಾಂಸ ಇಟ್ಟುಕೊಳ್ಳುವುದೂ ಜೈಲು ಶಿಕ್ಷೆಯ ಅಪರಾಧ. ಒಣಗಿದ ಪಟ್ಟಿಯೊಂದು ಯಾವ ದೇಶದ, ಯಾವ ಜಿಂಕೆಯದೆಂದು ವಿಮಾನ ನಿಲ್ದಾಣದಲ್ಲಿ ನಿಂತು ಸಾಬೀತು ಮಾಡುವ ಕಷ್ಟಕ್ಕೆ ಹೃದಯದ ತೊಂದರೆಯಿರುವ ಹಿರಿಯರನ್ನು ಒಡ್ಡುವುದು ಬೇಡ.